ಪಡುವಣಕ್ಕೆ ಹರಿದ ಗಂಗೆ

ಕಲ್ಯಾಣಪುರದ ಸಿರಿಲ್ ಕಂಡ ಪ್ರಪಂಚ ಬಡಗಲಲ್ಲಿ ಕುಂದಾಪುರಕ್ಕೆ, ತೆಂಕಲಲ್ಲಿ ಮಂಗಳೂರಿಗೆ, ಮೂಡಲಲ್ಲಿ ಕಾರ್ಕಳಕ್ಕೆ ಮುಗಿಯುತ್ತಿತ್ತು. ಪಡುವಲಲ್ಲಿ ಅದು ಎಲ್ಲಿ ಮುಗಿಯುತ್ತದೆಂಬುದು ಕಡಲಿನ ಉಬ್ಬರ ಇಳಿತಕ್ಕೆ ಬಿಟ್ಟದ್ದು, ಏಕೆಂದರೆ ಅವನಿಗೆ ಈಜು ಬರುತ್ತಿರಲಿಲ್ಲ. ಮೊಣಕಾಲು ಒದ್ದೆಯಾಗುವಷ್ಟು ಹೋಗಿ ಹಿಂದಿರುಗುತ್ತಿದ್ದ. "ಅರಬ್ಬೀ ಸಮುದ್ರದಲ್ಲಿ ನನ್ನ ಪಾಲು ಮೊಣಕಾಲಿನಷ್ಟು" ಎಂದು ತಾನೇ ಹೇಳಿಕೊಂಡು ನಗುವುದು ಅವನ ಅಭ್ಯಾಸ. ಇಂಥವನಿಗೆ ಅರವತ್ತೆರಡನೆಯ ಇಸವಿಯ ಆರಂಭದಲ್ಲಿ ಇಡೀ ಉತ್ತರ ಪ್ರದೇಶವನ್ನು ಕಟ್ಟಿ ನಿಲ್ಲಿಸುವ ಕೆಲಸ ಬಂದೊದಗಿತು.

ಅವನಿಗೆ ಅನ್ನ ಕೊಡುತ್ತಿದ್ದದ್ದು ಸ್ವರ್ಣಾ ನದಿಯ ದಂಡೆಯ ಒಂದು ಹಂಚಿನ ಕಾರ್ಖಾನೆ. ಅಚ್ಚಿನಿಂದ ಹೊರಬಿದ್ದ ಹಸಿ ಹಂಚಿನ ಅಂಚಿಗೆ ಅಂಟಿದ ಹೆಚ್ಚುವರಿ ಮಣ್ಣನ್ನು ತಂತಿಯಿಂದ ಕತ್ತರಿಸುವುದು ಕೆಲಸ. ಎಸ್ಸೆಸ್ಸೆಲ್ಸಿ ಪಾಸಾಗಿ ದಿನಗೂಲಿಗೆ ಸೇರಿದ್ದ. ಮಳೆಗಾಲದಲ್ಲಿ ಹಂಚು ಒಣಗುವುದಿಲ್ಲ, ಕಾರ್ಖಾನೆ ಮಲಗುತ್ತದೆ, ಕೂಲಿಯೂ ಮಲಗುತ್ತದೆ. ಜೂನ್ ಬಂತೆಂದರೆ ತಾಯಿ ತೆರೆಸಾಬಾಯಿ ಗಂಜಿಯ ಪಾತ್ರೆಗೆ ನೀರು ಹೆಚ್ಚಿಸುವಳು. ಸಿರಿಲ್ ಜಗಲಿಯಲ್ಲಿ ಕುಳಿತು ಹಳೆಯ ವರ್ತಮಾನಪತ್ರಿಕೆಯಲ್ಲಿ "ಬೇಕಾಗಿದ್ದಾರೆ" ಎಂಬ ಮೂಲೆಯನ್ನು ಓದುವನು. ಯಾರಿಗೂ ಅವನು ಬೇಕಾಗಿರಲಿಲ್ಲ.

ವರ್ಷಕ್ಕೆ ಒಂದೇ ಒಂದು ಕಾಲದಲ್ಲಿ ಅವನು ಊರಿಗೆಲ್ಲ ಬೇಕಾಗುತ್ತಿದ್ದ. ಅದು ಕ್ರಿಸ್‌ಮಸ್‌. ಕ್ರಿಸ್ತ ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆಯನ್ನು ಗೊದಲಿ ಎನ್ನುತ್ತಾರೆ, ಮನೆಮನೆಯಲ್ಲೂ ಇಡುತ್ತಾರೆ. ಸಿರಿಲ್‌ನ ಗೊದಲಿಗೆ ಬೇರೆಯೇ ಮಾನ. ಜೇಡಿಮಣ್ಣಿನ ಗುಡ್ಡ, ಹದಿನೈದು ದಿನ ಮೊದಲೇ ಬಿತ್ತಿ ಮೊಳಕೆ ಬರಿಸಿದ ಪುಟ್ಟ ಗದ್ದೆ, ಎಲ್ಲಕ್ಕಿಂತ ಮಿಗಿಲಾಗಿ ನಿಜವಾಗಿ ಹರಿಯುವ ಹೊಳೆ. ಗುಡ್ಡದ ಹಿಂದೆ ಸೀಮೆಎಣ್ಣೆಯ ಡಬ್ಬಿಯಲ್ಲಿ ನೀರು ಅಡಗಿಸಿ, ಪಪ್ಪಾಯಿ ಎಲೆಯ ದಂಟಿನ ಕೊಳವೆಯಿಂದ ಬಿಡುತ್ತಿದ್ದ. ಬೆತ್ಲೆಹೇಮಿನಲ್ಲಿ ಹೊಳೆ ಉಂಟೋ ಎಂದು ಪಾದ್ರಿಗಳೂ ಕೇಳಿರಲಿಲ್ಲ.

ಆ ಸಲದ ಗೊದಲಿಯನ್ನು ಹೊಸ ವರ್ಷ ಹುಟ್ಟಿದ ಮೇಲೆ ನೋಡಲು ಬಂದವರಲ್ಲಿ ಮ್ಯಾಥ್ಯೂ ಒಬ್ಬ. ಪ್ರಾರ್ಥನೆಗೆ ಇದೇ ಇಗರ್ಜಿಗೆ ಬರುವವನು, ಮಣಿಪಾಲದ ಮೆಡಿಕಲ್ ಕಾಲೇಜಿನಲ್ಲಿ ಉಗ್ರಾಣದ ಮೇಲ್ವಿಚಾರಕ. ಹೊಳೆಯಲ್ಲಿ ಬೆರಳದ್ದಿ ನೋಡಿ ಹೇಳಿದ:

"ಸಿರಿಲ್, ನಿನ್ನ ಕೈ ಹಂಚಿನ ಅಂಚಿಗೆ ಹಾಳಾಗ್ತಾ ಉಂಟು ಮಾರಾಯ. ನಮ್ಮಲ್ಲಿ ಮ್ಯೂಸಿಯಂಗೆ ಮಾದರಿ ಮಾಡುವವನ ಕೆಲಸ ಖಾಲಿ ಉಂಟು, ಏಪ್ರಿಲಿಗೆ ತುಂಬಿಸ್ತಾರೆ. ತಿಂಗಳ ಸಂಬಳ. ಮಳೆಗಾಲಕ್ಕೂ ಸಂಬಳ."

"ನನ್ನನ್ನು ಯಾರು ತಗೊಳ್ತಾರೆ? ನನ್ನ ಹತ್ತಿರ ಎಂತ ಉಂಟು ತೋರಿಸ್ಲಿಕ್ಕೆ? ಬಾಲಯೇಸು?"

"ಜನವರಿ ಕೊನೆಗೆ ಪ್ರದರ್ಶನ ಉಂಟು. 'ನಮ್ಮ ದೇಶ' ಅಂತ. ಒಂದೊಂದು ರಾಜ್ಯಕ್ಕೆ ಒಂದೊಂದು ಮಾದರಿ. ನೀನೊಂದು ಮಾಡು. ಆರಿಸುವವರೆಲ್ಲ ಅಲ್ಲಿಗೆ ಬರ್ತಾರೆ. ಅವರ ಕಣ್ಣಿಗೆ ಬಿದ್ದರೆ ಆಯ್ತು."

"ಯಾವ ರಾಜ್ಯ?"

ಮ್ಯಾಥ್ಯೂ ಬೆರಳು ಮಡಚಿ ಎಣಿಸಿದ. ಕೇರಳಕ್ಕೆ ಜಗಳ ನಡೆದಿತ್ತು, ಕಾಶ್ಮೀರವನ್ನು ವಿದ್ಯಾರ್ಥಿಗಳು ಹಿಡಿದುಕೊಂಡಿದ್ದರು, ನಮ್ಮದೇ ರಾಜ್ಯವಾದ ಮೈಸೂರನ್ನಂತೂ ಮುಟ್ಟುವಂತೆಯೇ ಇರಲಿಲ್ಲ. "ಉತ್ತರ ಪ್ರದೇಶ" ಎಂದ. "ಯಾರಿಗೂ ಬೇಡ. ತುಂಬಾ ದೊಡ್ಡದು, ಸಮುದ್ರವೂ ಇಲ್ಲ. ಆದರೆ ನೋಡು, ಈ ದೇಶದಲ್ಲಿ ಅದಕ್ಕಿಂತ ಹೆಚ್ಚು ಜನ ಇರುವ ರಾಜ್ಯ ಇಲ್ಲ. ಮುಂದಿನ ತಿಂಗಳು ಓಟು. ಎಂಬತ್ತಾರು ಎಂಪಿ ಅಲ್ಲಿಂದ! ಅದನ್ನು ತೋರಿಸಬೇಕು ನೀನು."

ಸಮುದ್ರವಿಲ್ಲದ ನೆಲ ಹೇಗಿರುತ್ತದೆಂದು ಸಿರಿಲ್‌ಗೆ ಊಹೆಗೇ ಬರಲಿಲ್ಲ. ಆದರೆ ಮಳೆಗಾಲಕ್ಕೂ ಸಂಬಳ ಎಂಬ ಮಾತು ಕಿವಿಯಲ್ಲಿ ಉಳಿಯಿತು. ಒಪ್ಪಿದ.

ಕಾರ್ಖಾನೆಯಲ್ಲಿ ಮಣ್ಣು ಕಲಸುವ ದೇಜಪ್ಪ ಅವನ ಜೊತೆಗಾರ. ಕಾಪುವಿನವನು, ಅಣ್ಣಂದಿರು ಕಡಲಿನಲ್ಲಿ, ಇವನು ಮಣ್ಣಿನಲ್ಲಿ. ತುಳುವರು ಕ್ರಿಶ್ಚಿಯನ್ನರನ್ನು ಕರೆಯುವಂತೆ ಸಿರಿಲ್‌ನನ್ನು "ಪೊರ್ಬುಗಳೇ" ಎಂದೇ ಕರೆಯುತ್ತಿದ್ದ, ಅರ್ಧ ಮರ್ಯಾದೆ ಅರ್ಧ ಕೀಟಲೆ. ಕೆಲಸ ಬಿಟ್ಟ ಮೇಲೆ ಸಂಜೆ ಸಂಜೆ ಸಿರಿಲ್‌ನ ಅಂಗಳದಲ್ಲಿ ದೊಡ್ಡ ಹಲಗೆಯ ಮೇಲೆ ಇಬ್ಬರೂ ಉತ್ತರ ಪ್ರದೇಶವನ್ನು ಮೆತ್ತತೊಡಗಿದರು. ತೆಂಕಲ ಅಂಚಿನ ವಿಂಧ್ಯಕ್ಕೆಂದು ಸಿರಿಲ್ ಕಾರ್ಕಳಕ್ಕೆ ಹೋಗಿ ಶಿಲ್ಪಿಗಳ ಅಂಗಳದಿಂದ ಕಲ್ಲಿನ ಚಕ್ಕೆ ಹೆಕ್ಕಿ ತಂದ. ರೇಶನಿನ ಗೋಧಿಯನ್ನು ನೆನೆಸಿ ಬಯಲಿಗೆಲ್ಲ ದಟ್ಟವಾಗಿ ಬಿತ್ತಿದ. ಏಳು ಕೋಟಿ ಜನರೆಂದರೆ ದಟ್ಟವಾಗಿಯೇ ಇರಬೇಕಲ್ಲ. ಪಡುವಲ ಅಂಚಿನಾಚೆ ದೆಹಲಿ. ಪಾರ್ಲಿಮೆಂಟು ದುಂಡಗಿದೆಯೆಂದು ಚಿತ್ರದಲ್ಲಿ ಕಂಡಿದ್ದ. ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ಅಲ್ಲಿ ಕವುಚಿದ.

"ಪುತಾ, ನನ್ನ ಮುಚ್ಚಳ ಎಲ್ಲಿ?" ಎಂದು ತೆರೆಸಾಬಾಯಿ ಅಡುಗೆಮನೆಯಿಂದ ಕೂಗಿದಳು.

"ದೆಹಲಿಯಲ್ಲಿ ಉಂಟು ಮಾಯ್."

"ಅಲ್ಲಿಗೆ ಹೋದದ್ದು ಯಾವುದು ವಾಪಸ್ಸು ಬಂದದ್ದುಂಟು!" ಎಂದು ಗೊಣಗಿ ಅವಳು ಭರಣಿಗೆ ಬಾಳೆ ಎಲೆ ಕಟ್ಟಿದಳು.

ಹಿಡಿಸೂಡಿ ಪೊರಕೆಯ ಕಡ್ಡಿಗೆ ಕಾಗದ ಅಂಟಿಸಿ ಎಂಬತ್ತಾರು ಬಾವುಟ ಮಾಡುವ ಕೆಲಸ ದೇಜಪ್ಪನದು. ಅಂಟಿಸುತ್ತ ಕೇಳಿದ: "ಇಷ್ಟೂ ಅವರಿಗೆಯಾ? ನಮಗೆಷ್ಟು ಪೊರ್ಬುಗಳೇ?"

"ಉಡುಪಿಗೆ ಒಂದು, ಮಂಗಳೂರಿಗೆ ಒಂದು."

"ಹಾಗಾದ್ರೆ ದೆಹಲಿಯಲ್ಲಿ ನಾವು ಮಾತಾಡುವುದು ಯಾರಿಗೆ ಕೇಳ್ತದೆ? ಕಾಪುವಿನಲ್ಲಿ ರಂಪಣಿ ಬಲೆ ಎಳೆಯುವುದು ನೋಡಿದ್ದೀರಲ್ವಾ? ಎರಡು ಹಗ್ಗ, ಊರಿಡೀ ಎಳೆಯುವುದು. ಯಾವ ಹಗ್ಗಕ್ಕೆ ಜನ ಹೆಚ್ಚೋ ಬಲೆ ಆ ಕಡೆಗೆ ವಾಲ್ತದೆ. ಕಡಿಮೆ ಜನ ಇರುವ ಹಗ್ಗದವರು ಎಂತ ಮಾಡ್ಬೇಕು ಗೊತ್ತುಂಟಾ?"

"ಎಂತ?"

"ಬೊಬ್ಬೆ ಹೊಡೀಬೇಕು. ಮೀನು ಬರುವುದಿಲ್ಲ, ಆದರೆ ನಾವೂ ಎಳೆದೆವು ಅಂತ ಆಗ್ತದೆ."

ಉಳಿದದ್ದು ಗಂಗೆ. ಶಾಲೆಯ ಹಳೆಯ ಭೂಪಟದಲ್ಲಿ ನೀಲಿ ಗೆರೆಗಳಿದ್ದವು, ಅದರಂತೆಯೇ ಕಾಲುವೆ ಕೊರೆದ. ನೀರಿನ ಡಬ್ಬಿಯನ್ನು ಅತ್ಯಂತ ಎತ್ತರದ ಗುಡ್ಡದ ಹಿಂದೆ ಅಡಗಿಸಬೇಕು. ಗೊದಲಿಯ ನಿಯಮವೇ ಅದು. ಹಿಮಾಲಯದಲ್ಲಿ ಅತ್ಯಂತ ಎತ್ತರ ಎವರೆಸ್ಟು. ಅದಿರುವುದು ನೇಪಾಳದಲ್ಲಿ ಎಂದು ಅವನಿಗೆ ಗೊತ್ತಿತ್ತು, ಆದರೆ ಹಿಮಾಲಯ ಮಾಡಿ ಎವರೆಸ್ಟನ್ನು ಬಿಡುವುದೆಂದರೆ ಮದುವೆ ಚಪ್ಪರ ಹಾಕಿ ಮದುಮಗಳನ್ನು ಕರೆಯದಂತೆ. ಹಲಗೆಯ ಬಡಗು ಮೂಡಣ ಮೂಲೆಯಲ್ಲಿ ಎವರೆಸ್ಟನ್ನು ಎತ್ತಿ, ಸುಣ್ಣ ಬಳಿದು, ಹಿಂದೆ ಡಬ್ಬಿ ಇಟ್ಟ. ನೀರು ಹರಿಯಲು ಪಡುವಲ ಬದಿಯನ್ನು ತಗ್ಗಿಸಿದ.

ಆ ಕೈಗೆ ಯಾರೂ ಹೇಳಿಕೊಟ್ಟದ್ದಲ್ಲ. ಸ್ವರ್ಣೆ, ಸೀತೆ, ಶಾಂಭವಿ, ಹುಟ್ಟಿದಂದಿನಿಂದ ಅವನು ಕಂಡ ಯಾವ ಹೊಳೆಯೂ ಮೂಡಣದ ಘಟ್ಟದಿಂದ ಇಳಿದು ಸೂರ್ಯ ಮುಳುಗುವ ಕಡೆಗೆ ಹೋಗದೆ ಇರಲಿಲ್ಲ. ಮನೆಯ ಬಚ್ಚಲ ನೀರೂ ಆ ಕಡೆಗೇ ಹೋಗುತ್ತಿತ್ತು. "ಗಂಗೆಯು ಬಂಗಾಳ ಕೊಲ್ಲಿಯನ್ನು ಸೇರುತ್ತದೆ" ಎಂದು ಪರೀಕ್ಷೆಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದದ್ದು ತಲೆಯಲ್ಲಿ ಎಲ್ಲೋ ಇತ್ತು. ತಲೆಯನ್ನು ಕೇಳಿ ಕೆಲಸ ಮಾಡುವ ಜಾಯಮಾನ ಆ ಕೈಯದಲ್ಲ.

ನೀರು ಬಿಟ್ಟರು. ಎವರೆಸ್ಟಿನಿಂದಿಳಿದು, ಮೂಡಣ ಅಂಚಿನ ಬಲ್ಲಿಯಾ ಜಿಲ್ಲೆಯನ್ನು ಹಾದು, ಕಾಶಿಯನ್ನು ಬಳಸಿ, ಅಲಹಾಬಾದಿಗೆ ಬಂದು ಅಲ್ಲಿ ಎರಡು ಕವಲಾಯಿತು. ಒಂದು ಕಾನ್ಪುರದ ದಾರಿ ಹಿಡಿದರೆ ಇನ್ನೊಂದು ಆಗ್ರಾದ ಮೇಲಿಂದ ಹೋಗಿ ದೆಹಲಿಯ ಮುಚ್ಚಳಕ್ಕೆ ಪ್ರದಕ್ಷಿಣೆ ಹಾಕಿತು. ಎರಡು ಕವಲಾದದ್ದು ಕಂಡು ಇಬ್ಬರಿಗೂ ಮನಸ್ಸು ತುಂಬಿತು. ಸ್ವರ್ಣೆಯೂ ಊರ ಹತ್ತಿರ ಬಂದಾಗ ಹೀಗೆಯೇ ಕವಲಾಗಿ ನಡುವೆ ಕುದ್ರು ಮಾಡುತ್ತಾಳೆ, ತೆಂಗಿನ ತೋಟದ ನಡುಗಡ್ಡೆ.

"ಇವರ ಕುದ್ರು ಮಾತ್ರ ಭಾರೀ ದೊಡ್ಡದು" ಎಂದ ದೇಜಪ್ಪ.

ಕುದ್ರುವೆಂದ ಮೇಲೆ ತೆಂಗು ಬೇಡವೇ? ಸಿರಿಲ್ ಕಡ್ಡಿಗೆ ಹಸಿರು ಕಾಗದ ಕತ್ತರಿಸಿ ಅಂಟಿಸಿ ಮೀರತ್‌ನಿಂದ ಕಾನ್ಪುರದವರೆಗೆ ಸಾಲಾಗಿ ತೆಂಗಿನ ಮರ ನೆಟ್ಟ.

ಪ್ರದರ್ಶನ ಒಂದು ಭಾನುವಾರ. ಮಣಿಪಾಲ ಆಗ ಇನ್ನೂ ಮುಳಿಹುಲ್ಲು ಬೆಳೆದ ಗುಡ್ಡ. ಎಲ್ಲಿ ನೋಡಿದರೂ ಕೆಂಪುಕಲ್ಲಿನ ರಾಶಿ, ಅರ್ಧ ಎದ್ದ ಗೋಡೆ. ಹಲಗೆಯನ್ನು ಎತ್ತಿನ ಗಾಡಿಯಲ್ಲಿ ತಂದು ಸಭಾಂಗಣದ ಮೂಲೆಯಲ್ಲಿಟ್ಟರು. ಬೆಳಿಗ್ಗೆಯಿಂದಲೇ ಜನ. ಕೇರಳದ ಆನೆಯನ್ನು ನೋಡಿ ಬಂದವರು ಇಲ್ಲಿ ಹರಿಯುವ ನೀರನ್ನು ಕಂಡು ನಿಂತುಬಿಡುತ್ತಿದ್ದರು. ಅಂಬಲಪಾಡಿಯ ಕಡೆಯ ಒಬ್ಬ ಮುದುಕಿ ಗಂಗೆಗೆ ಬೆರಳದ್ದಿ ಕಣ್ಣಿಗೊತ್ತಿಕೊಂಡಳು. ಮ್ಯಾಥ್ಯೂ ಪಕ್ಕದಲ್ಲಿ ನಿಂತು ಎಂಬತ್ತಾರು ಬಾವುಟಗಳ ಬಗ್ಗೆ ಭಾಷಣ ಮಾಡುತ್ತಿದ್ದ. ಸಿರಿಲ್ ಮನಸ್ಸಿನಲ್ಲೇ ಮೊದಲ ತಿಂಗಳ ಸಂಬಳ ತಂದು ತಾಯಿಯ ಕೈಯಲ್ಲಿಟ್ಟು, ಅವಳಿಗೆ ಹೊಸ ಭರಣಿಯನ್ನೂ ಕೊಡಿಸಿ ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ಬಿಳಿ ಪೈಜಾಮ ತೊಟ್ಟ ಎತ್ತರದ ಮನುಷ್ಯನೊಬ್ಬ ಬಂದು ಹಲಗೆಯ ಮೂಡಣ ತುದಿಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತ. ನೀರಿನ ಬುಡದಿಂದ ತುದಿಯವರೆಗೆ ಕಣ್ಣು ಓಡಿಸಿದ. ಆಮೇಲೆ ಹಾಸ್ಟೆಲಿನ ಅಡುಗೆಯವರಿಂದ ಕಲಿತ ಕನ್ನಡದಲ್ಲಿ ಕೇಳಿದ:

"ಇದು ಬಲ್ಲಿಯಾ ಅಲ್ವಾ?"

"ಹೌದು ಸಾರ್."

"ನಾನು ಅಲ್ಲಿಯವ."

ಇಗರ್ಜಿಯ ಗೂಡಿನಲ್ಲಿದ್ದ ಸಂತನೇ ಇಳಿದು ಬಂದು ತನ್ನ ಮೂರ್ತಿಯ ಮೂಗನ್ನು ಪರೀಕ್ಷಿಸಿದಂತಾಯಿತು ಸಿರಿಲ್‌ಗೆ. ಉತ್ತರ ಪ್ರದೇಶದಲ್ಲಿ ನಿಜವಾಗಿ ಜನರಿದ್ದಾರೆ ಎಂಬುದು ಅಲ್ಲಿಯವರೆಗೆ ಅವನಿಗೆ ಗೋಧಿಯ ಮೊಳಕೆಯ ರೂಪದಲ್ಲಿ ಮಾತ್ರ ತಿಳಿದಿತ್ತು.

"ನೀರು ಎಲ್ಲಿಂದ ಬರ್ತಾ ಉಂಟು?"

"ಎವರೆಸ್ಟಿನಿಂದ ಸಾರ್."

"ಎಲ್ಲಿಗೆ ಹೋಗ್ತಾ ಉಂಟು?"

"ಪಡುವಣಕ್ಕೆ ಸಾರ್. ಸಮುದ್ರ..." ಎಂದವನು ಅಲ್ಲಿಗೇ ನಿಂತ. ಕೈ ಮಾಡಿದ್ದು ಏನೆಂದು ತಲೆಗೆ ಈಗ ಹೊಳೆಯಿತು. ದುಂಡಗಿನ ಅಕ್ಷರದ ಬಂಗಾಳ ಕೊಲ್ಲಿ ಕಣ್ಣ ಮುಂದೆ ಬಂತು.

ಆ ಮನುಷ್ಯ ಅಲಹಾಬಾದಿಗೆ ಬೆರಳಿಟ್ಟ. "ಇದು ಸಂಗಮ. ಇಲ್ಲಿ ಗಂಗೆ ಯಮುನೆ ಕೂಡುವುದು. ನೀವು ಇಬ್ಬರಿಗೂ ಪಾಲು ಮಾಡಿಸಿ ಕಳಿಸಿದ್ದೀರಿ." ಮುಖದಲ್ಲಿ ಸಿಟ್ಟಿರಲಿಲ್ಲ. "ನಮ್ಮಲ್ಲಿ ಎಲ್ಲವೂ ದೆಹಲಿಗೇ ಹೋಗುವುದು ಮಾರಾಯ. ಓಟು ಹೋಗ್ತದೆ, ಮಂತ್ರಿ ಹೋಗ್ತಾರೆ, ಎಂಬತ್ತಾರು ಮಂದಿ ಹೋಗ್ತಾರೆ. ಗಂಗೆ ಒಬ್ಬಳು ಆ ಕಡೆ ಬೆನ್ನು ಹಾಕಿ ನಮ್ಮ ಊರಿಗೆ ಬರ್ತಿದ್ದಳು. ಅವಳನ್ನೂ ಕಳಿಸಿಬಿಟ್ಟಿರಾ?"

ಅವನು ಎದ್ದು ಪಕ್ಕದ ಮಾದರಿಯ ಕಡೆಗೆ ಹೋದದ್ದೇ ಮ್ಯಾಥ್ಯೂ ಸಿರಿಲ್‌ನ ಅಂಗಿ ಹಿಡಿದೆಳೆದ. "ಸತ್ತೆವು! ಅವರು ಪ್ರೊಫೆಸರ್ ಓಝಾ. ಅಂಗರಚನೆ ಪಾಠ ಮಾಡುವವರು. ಮ್ಯೂಸಿಯಂ ಅವರದ್ದೇ. ಮಾದರಿಯವನನ್ನು ಆರಿಸುವವರೂ ಅವರೇ!"

"ನೀನು ಮೊದಲೇ ಹೇಳಬಾರದಿತ್ತಾ?"

"ಗಂಗೆ ಹಿಂದೆ ಮುಂದೆ ಹೋಗ್ತಾಳೆ ಅಂತ ನನಗೆ ಕನಸು ಬಿದ್ದಿತ್ತಾ? ಈಗ ನೀರು ನಿಲ್ಲಿಸು. ಪ್ರಿನ್ಸಿಪಾಲರು ಊಟ ಮುಗಿಸಿ ಬರ್ತಾರೆ. ಕೇಳಿದರೆ ಬೇಸಗೆ, ನದಿ ಒಣಗಿದೆ ಅಂತ ಹೇಳುವ."

ಅದೇನೂ ಕೆಟ್ಟ ಸಲಹೆಯಾಗಿರಲಿಲ್ಲ. ಸಿರಿಲ್ ಕೊಳವೆಗೆ ಬೆಣೆ ಒತ್ತಿ ನೀರು ನಿಲ್ಲಿಸಿಯೂ ಬಿಟ್ಟ. ಬರಿಗಾಲುವೆ ನೋಡುತ್ತ ನಿಂತ. ನೀರಿಲ್ಲದೆ ಅವನ ಮಾದರಿಗೂ ಉಳಿದವರ ಮಾದರಿಗೂ ವ್ಯತ್ಯಾಸವಿರಲಿಲ್ಲ. ಕೇರಳದವರ ಬಳಿ ಆನೆಯಾದರೂ ಇತ್ತು. ಕೆಲಸ ಹೇಗೂ ಕೈಬಿಟ್ಟಂತೆಯೇ. ಹಾಗಿದ್ದ ಮೇಲೆ ಇನ್ನು ಹೆದರುವುದು ಯಾವುದಕ್ಕೆ?

"ದೇಜಪ್ಪ, ಹೊರಗೆ ಕೆಂಪುಕಲ್ಲು ಉಂಟಲ್ಲ, ನಾಲ್ಕು ತಾ" ಎಂದ.

ಬಿಳಿ ಪಂಚೆಯೊಂದನ್ನು ಅಡ್ಡ ಕಟ್ಟಿ ಉತ್ತರ ಪ್ರದೇಶವನ್ನು ಮರೆಮಾಡಿದರು.

"ದೆಹಲಿಯನ್ನು ನಾನು ಎತ್ತುತ್ತೇನೆ, ಪಟ್ನಾ ಕಡೆಯಿಂದ ನೀವು ಹಿಡೀರಿ ಪೊರ್ಬುಗಳೇ" ಎಂದು ದೇಜಪ್ಪ ಹೆಗಲು ಕೊಟ್ಟ. ಪಡುವಲ ಬದಿ ಮೇಲೆದ್ದು ಕೆಂಪುಕಲ್ಲುಗಳ ಮೇಲೆ ಕೂತಿತು. ಆ ಕುಲುಕಾಟಕ್ಕೆ ಎವರೆಸ್ಟು ಮೂಲೆಯಿಂದ ಕಳಚಿ ಗೋರಖಪುರದ ಮೇಲೆ ಬಿತ್ತು. ಒಂದು ಹಿಡಿ ಗೋಧಿ ಪೈರು ಬೇರುಸಹಿತ ಜಾರಿತು. ಸಿರಿಲ್ ಬಿದ್ದ ಎವರೆಸ್ಟನ್ನೇ ಮತ್ತೆ ಕಲಸಿ, ಪಡುವಲ ಮೂಲೆಯಲ್ಲಿ ಹರಿದ್ವಾರದ ಮೇಲ್ಗಡೆ ಗುಡ್ಡ ಮೆತ್ತಿ, ಡಬ್ಬಿಯನ್ನು ಅದರ ಹಿಂದೆ ಕೂರಿಸಿದ. ಯಮುನೆಗೂ ಅಲ್ಲಿಂದಲೇ ಒಂದು ದಾರಿ ಬಿಟ್ಟ. ಮೊಣಕೈವರೆಗೆ ಕೆಸರು, ಭಾನುವಾರದ ಅಂಗಿಯ ತುಂಬ ಸುಣ್ಣ.

ಪಂಚೆಯ ಅಂಚು ಸರಿಯಿತು. ಓಝಾ ಒಳಗೆ ಬಂದು ಸ್ಟೂಲು ಎಳೆದುಕೊಂಡು ಕುಳಿತರು. ಬಗ್ಗಿ, ಮೀರತ್‌ನ ಬಳಿಯ ಒಂದು ತೆಂಗಿನ ಮರವನ್ನು ಕಿತ್ತರು.

"ಇದು ಎಂತ?"

"ತೆಂಗು ಸಾರ್."

"ನಮ್ಮಲ್ಲಿ ತೆಂಗಿನಕಾಯಿ ಪೂಜೆಗೆ ಅಂಗಡಿಯಿಂದ ಬರುವುದು. ಇಲ್ಲಿ ಕಬ್ಬು."

ಸಿರಿಲ್ ಕತ್ತರಿ ತೆಗೆದು ಮರಗಳ ತಲೆಯನ್ನು ಒಂದೊಂದಾಗಿ ಕಿರಿದು ಮಾಡಿದ. ತಲೆ ಬೋಳಿಸಿದ ತೆಂಗು ಕಬ್ಬಾಗಲು ಹೆಚ್ಚು ಕಷ್ಟಪಡಬೇಕಾಗಲಿಲ್ಲ.

ನೀರು ಬಿಟ್ಟ. ಹರಿದ್ವಾರದಲ್ಲಿ ಇಳಿಯಿತು, ಕಾನ್ಪುರ ಕಂಡಿತು, ಯಮುನೆ ದೆಹಲಿ ಆಗ್ರಾ ಸುತ್ತಿ ಬಂದಳು, ಅಲಹಾಬಾದಿನಲ್ಲಿ ಇಬ್ಬರೂ ಕೂಡಿದರು. ದೇಜಪ್ಪ ಉಸಿರು ಬಿಟ್ಟ. ಕಾಶಿ ದಾಟಿತು, ಬಲ್ಲಿಯಾ ಮುಟ್ಟಿತು; ಮುಟ್ಟಿ ನಿಂತುಬಿಟ್ಟಿತು. ಮೂಡಣ ಅಂಚಿಗೆ ಎವರೆಸ್ಟಿನ ಬುಡದ ಕಟ್ಟೆ ಹಾಗೆಯೇ ಇತ್ತು, ನೀರು ಹೊರಗೆ ಹೋಗಲು ದಾರಿಯಿಲ್ಲ. ಬಲ್ಲಿಯಾದಲ್ಲಿ ನೀರು ಏರತೊಡಗಿತು, ಪೈರು ಮುಳುಗಿತು, ಒಂದೆರಡು ಬಾವುಟಗಳು ತೇಲಿದವು. ಸಿರಿಲ್ ಅಂಚನ್ನು ಒಡೆಯಲು ಹಾರಿದ.

ಓಝಾ ಅವನ ಕೈ ಹಿಡಿದರು. "ಸ್ವಲ್ಪ ಬಿಡು. ಈಗ ಸರಿಯಾಯ್ತು. ಪ್ರತಿ ಶ್ರಾವಣದಲ್ಲಿ ನಮ್ಮ ಊರು ಹೀಗೇ." ನೀರನ್ನು ನೋಡುತ್ತಲೇ ಹೇಳಿದರು: "ನನ್ನ ಅಜ್ಜನ ಮನೆ ಹೋಯ್ತು. ಹಿಂದೆ ಸರಿದು ನನ್ನ ಅಪ್ಪ ಕಟ್ಟಿದ ಮನೆಯೂ ಹೋಯ್ತು. ಎಂಬತ್ತಾರು ಮಂದಿ ದೆಹಲಿಗೆ ಹೋದವರಲ್ಲಿ ಒಬ್ಬನೂ ಹಿಂದೆ ಬಂದು ಅಲ್ಲಿ ಒಂದು ದಂಡೆ ಕಟ್ಟಿಸಲಿಲ್ಲ. ನಾನು ಕೆಲಸ ಹುಡುಕಿ ಇಲ್ಲಿಯವರೆಗೆ ಬಂದೆ."

"ಅದಕ್ಕೇ ಸಾರ್, ನಮ್ಮ ಉಡುಪಿಯ ಹಾಗೆ ಎಂಪಿ ಒಬ್ಬನೇ ಇರುವುದು ಒಳ್ಳೆಯದು" ಎಂದ ದೇಜಪ್ಪ. "ಬೈಯುವುದಾದರೆ ಯಾರನ್ನು ಅಂತ ಹುಡುಕಬೇಕಾಗಿಲ್ಲ."

ಓಝಾ ಜೋರಾಗಿ ನಕ್ಕರು. ಆಮೇಲೆ ತಾವೇ ಬೆರಳಿನಿಂದ ಅಂಚಿನ ಮಣ್ಣು ಕೆರೆದು ನೀರಿಗೆ ದಾರಿ ಮಾಡಿದರು.

ಪ್ರಿನ್ಸಿಪಾಲರು ಬಂದರು, "ವೆರಿ ನೈಸ್" ಎಂದರು, ಕಾಶ್ಮೀರದ ಕಡೆಗೆ ಹೋದರು. ಬಹುಮಾನ ಕೇರಳದ ಆನೆಗೆ ಸಿಕ್ಕಿತು. ಫೆಬ್ರವರಿಯಲ್ಲಿ ಓಟು ಆಯಿತು. ಎಂಬತ್ತಾರು ಮಂದಿ ಆ ಕಡೆಯಿಂದ ಹೋದರು, ಈ ಕಡೆಯಿಂದ ಇಬ್ಬರು. ಸಿರಿಲ್ ಹಂಚಿನ ಅಂಚು ಕತ್ತರಿಸುತ್ತ ಏಪ್ರಿಲಿಗೆ ಕಾದ. ಅರ್ಜಿ ಹಾಕುವಾಗ ನಾಚಿಕೆಯಾಯಿತು, ಆದರೂ ಹಾಕಿದ. ಸಂದರ್ಶನಕ್ಕೆ ಬಂದ ಇನ್ನೊಬ್ಬನ ಬಳಿ ಮೈಸೂರಿನ ಡಿಪ್ಲೊಮಾ ಇತ್ತು, ಕಾಲಿಗೆ ಬೂಟೂ ಇತ್ತು.

ಓಝಾ ಮೇಜಿನ ಮೇಲೆ ಹೃದಯದ ಚಿತ್ರವಿಟ್ಟು ಕೇಳಿದರು: "ಇದನ್ನು ಮಾಡ್ತೀಯಾ?"

"ಕೈ ಮಾಡ್ತದೆ ಸಾರ್. ತಲೆಯ ವಿಷಯ ನಿಮಗೆ ಗೊತ್ತುಂಟಲ್ಲ."

ಒಳಗೆ ನಡೆದದ್ದನ್ನು ಮ್ಯಾಥ್ಯೂ ಆಮೇಲೆ ಹೇಳಿದ. ಡಿಪ್ಲೊಮಾದವನೇ ಆಗಲಿ ಎಂದು ಇಬ್ಬರು ಅಂದರಂತೆ. ಓಝಾ ಒಪ್ಪಲಿಲ್ಲವಂತೆ: "ಅವನು ತಪ್ಪು ಮಾಡಿದರೆ ನನಗೆ ಹೇಳುವುದಿಲ್ಲ. ಇವನು ಮಾಡಿದರೆ ಇಡೀ ಮಣಿಪಾಲಕ್ಕೆ ಗೊತ್ತಾಗ್ತದೆ. ಒಂದು ವರ್ಷ ನೋಡುವ."

ಹೀಗೆ ಸಿರಿಲ್ ಆ ಜೂನಿನಲ್ಲಿ, ಕಾರ್ಖಾನೆ ಮಲಗಿದ ಹೊತ್ತಿಗೆ, ಮ್ಯೂಸಿಯಂನ ಮೇಜಿನ ಮುಂದೆ ನಿಂತ. ಹೊರಗೆ ಮಳೆ. ಓಝಾ ಸೀಮೆಸುಣ್ಣದಿಂದ ಮೇಜಿನ ಮೇಲೆಯೇ ಹೃದಯ ಬರೆದು, ರಕ್ತ ಬರುವ ಹೋಗುವ ದಾರಿಗೆಲ್ಲ ಬಾಣದ ಗುರುತು ಹಾಕಿ, "ಇಲ್ಲಿ ಪಡುವಣ ಮೂಡಣ ಇಲ್ಲ, ಗೊತ್ತಾಯ್ತಾ?" ಎಂದು ಹೇಳಿ ಪಾಠಕ್ಕೆ ಹೋದರು.

ಸಿರಿಲ್ ಬಾಣಗಳ ಮೇಲೆ ಬೆರಳಾಡಿಸಿದ. ಮೈಯಿಂದ ಬಂದದ್ದು ಬಲಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಶ್ವಾಸಕೋಶದಿಂದ ಹಿಂದೆ... ಮಣ್ಣಿಗೆ ಕೈ ಹಾಕಲು ಹೊರಟವನಿಗೆ ತನ್ನ ಕೈಯ ಮೇಲೆಯೇ ಅನುಮಾನ ಬಂತು. ಕೈಯನ್ನು ಹಿಂದಕ್ಕೆ ತೆಗೆದು, ವರಾಂಡ ದಾಟಿ, ಪಾಠದ ಕೋಣೆಯ ಬಾಗಿಲಲ್ಲಿ ನಿಂತ. ವಿದ್ಯಾರ್ಥಿಗಳೆಲ್ಲ ತಿರುಗಿ ನೋಡಿದರು.

"ಸಾರ್, ಶ್ವಾಸಕೋಶದಿಂದ ವಾಪಸ್ಸು ಬರುವುದು ಎಡಕ್ಕೇ ಅಲ್ವಾ?"

ಕೋಣೆಯಿಡೀ ನಕ್ಕಿತು. ಓಝಾ ನಗಲಿಲ್ಲ. "ಎಡಕ್ಕೇ. ಚಿತ್ರ ನೋಡುವ ನಿನ್ನ ಎಡ ಅಲ್ಲ, ಹೃದಯ ಯಾರದೋ ಅವನ ಎಡ."

ಸಿರಿಲ್ ಎಡಗೈಯನ್ನು ತನ್ನ ಎದೆಯ ಮೇಲಿಟ್ಟು ಆ ಎಡವನ್ನು ಗುರುತು ಮಾಡಿಕೊಂಡ. ಮರೆತು ಹೋಗದಿರಲೆಂದು ಕೈಯನ್ನು ಅಲ್ಲಿಂದ ತೆಗೆಯದೆಯೇ ವರಾಂಡದುದ್ದಕ್ಕೂ ನಡೆದು ಮಣ್ಣಿನ ಬಳಿಗೆ ಹೋದ.